ಎರಡನೆಯ ಆಯ್ತು

ಒಂಬತ್ತನೇ ಮಹಡಿಯ ಕಿಟಕಿಯ ಹೊರಗೆ ಮೊದಲು ಒಂದು ಜೊತೆ ಬೂಟು ಇಳಿದು ಬಂತು. ಆಮೇಲೆ ಮೊಣಕಾಲು, ಸೊಂಟದ ಪಟ್ಟಿ, ಸೋಪು ನೀರಿನ ಬಕೆಟ್ಟು. ಕೊನೆಗೆ ಮುಖ.

ಸಂಯುಕ್ತಾಳ ಕೈಯಲ್ಲಿದ್ದ ಮೌಸ್ ಹಾಗೇ ನಿಂತುಬಿಟ್ಟಿತು.

ಹೈದರಾಬಾದಿನ ಕೊಂಡಾಪುರದ ಆ ಆಫೀಸಿನಲ್ಲಿ ಅವಳದು ನಕ್ಷೆ ಬಿಡಿಸುವ ಕೆಲಸ. ಎಲ್ಲೆಲ್ಲಿಯದೋ ಗುಡ್ಡಗಳಿಗೆ ಕಂಪ್ಯೂಟರಿನಲ್ಲಿ ಎತ್ತರದ ಗೆರೆ ಎಳೆಯುತ್ತಾಳೆ. ತಿಂಗಳಿಗೊಮ್ಮೆ ಗಾಜು ತೊಳೆಯುವವರು ಹಗ್ಗದ ಮೇಲೆ ಇಳಿದು ಬಂದಾಗ ಉಳಿದ ಯಾರೂ ತಲೆ ಎತ್ತುವುದಿಲ್ಲ. ಅವಳು ಮಾತ್ರ ನೋಡುತ್ತಾಳೆ. ಹಗ್ಗ ಕಂಡರೆ ಮೊದಲು ಗಂಟು ನೋಡು, ಆಮೇಲೆ ಮನುಷ್ಯನನ್ನು ನೋಡು ಅಂತ ಅಣ್ಣ ಸುಮಂತ ಕಲಿಸಿದ ಚಟ ಅದು.

ಗಂಟು ಸರಿಯಾಗಿತ್ತು. ಮನುಷ್ಯ ಭೀಮಾಶಂಕರ.

ಅವನಿನ್ನೂ ಅವಳನ್ನು ನೋಡಿರಲಿಲ್ಲ. ಗಾಜಿನ ತುಂಬ ನೊರೆ ಬಳಿದ. ಅವನ ಮುಖ ಬಿಳಿಯ ಹಿಂದೆ ಮರೆಯಾಯಿತು. ರಬ್ಬರಿನ ಪಟ್ಟಿಯಿಂದ ಒಂದು ಸಲ ಮೇಲಿನಿಂದ ಕೆಳಕ್ಕೆ ಎಳೆದ. ಆ ಒಂದು ಗೇಣಗಲದ ಸಂದಿಯಲ್ಲಿ ಇಬ್ಬರ ಕಣ್ಣೂ ಸೇರಿದವು.

ಮೂರು ವರ್ಷ. ಸುಮಂತನ ಜೊತೆ ಕೊನೆಯ ಸಲ ಹಗ್ಗ ಕಟ್ಟಿಕೊಂಡವನು ಇವನು. ಹಿಮದ ಗೋಡೆಯಿಂದ ಒಬ್ಬನೇ ಇಳಿದು ಬಂದವನು. ಮಿಯಾಪುರದ ಅವಳ ಮನೆಯ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ಇಡೀ ದಿನ ನಿಂತು, ಒಳಗೆ ಬರದೆ ಹೋದವನು.

ಅವನು ತಟ್ಟನೆ ಇನ್ನಷ್ಟು ನೊರೆ ಬಳಿದು ಸಂದಿ ಮುಚ್ಚಿಬಿಟ್ಟ. ಅವಳಿಗೆ ಅಳುವೂ ಬಂತು, ನಗುವೂ ಬಂತು. ಎಲ್ಲಿಗೆ ಓಡಿಹೋಗುತ್ತಾನೆ ಈ ಪುಣ್ಯಾತ್ಮ, ಒಂಬತ್ತನೇ ಮಹಡಿಯಲ್ಲಿ ಜೋತಾಡುತ್ತ?

ಮೇಲಿನಿಂದ ಯಾರೋ ತೆಲುಗಿನಲ್ಲಿ, ಇನ್ನೆಷ್ಟು ಹೊತ್ತು ಅಂತ ಕೂಗಿದರು. "ಭೀಮಾ! ಇಂಕಾ ಎಂತಸೇಪು ರಾ?"

ಬೇರೆ ದಾರಿಯಿಲ್ಲದೆ ಅವನು ನೊರೆ ಒರೆಸಿದ. ಅಷ್ಟರಲ್ಲಿ ಅವಳು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗಾಜಿಗೆ ಒತ್ತಿ ಹಿಡಿದಿದ್ದಳು: "ಚಹಾ. ನಾಕು ಗಂಟೆ. ಗೇಟಿನ ಎದುರು."

ಅವನು ಬಹಳ ಹೊತ್ತು ಓದಿದ. ಆಮೇಲೆ ಗಾಜಿನ ಮೂಲೆಯಲ್ಲಿ ಉಳಿದಿದ್ದ ನೊರೆಯ ಮೇಲೆ ಬೆರಳಿನಿಂದ ಏನೋ ಗೀಚಿ ಕೆಳಗೆ ಸರಿದುಹೋದ. ಒಳಗಿನಿಂದ ನೋಡಿದರೆ ಎಲ್ಲ ಉಲ್ಟಾ. ಫೋನಿನಲ್ಲಿ ಫೋಟೋ ಹಿಡಿದು ತಿರುಗಿಸಿದಾಗ ತಿಳಿಯಿತು: "ಹೂಂ."

ಅವನು ಹೋದ ಮೇಲೂ ಅವನ ಹಗ್ಗದ ಪಕ್ಕ ಇನ್ನೊಂದು ಹಗ್ಗ ಕಿಟಕಿಯ ಹೊರಗೆ ತೂಗುತ್ತಿತ್ತು, ಯಾರೂ ಇಲ್ಲದೆ. ಅವಳು ಅದನ್ನು ನೋಡುತ್ತ ಕುಳಿತಳು.

*

"ಆ ಎರಡನೇ ಹಗ್ಗ ಯಾರಿಗ್ರಿ?" ಚಹಾದ ಅಂಗಡಿಯ ಮುಂದೆ ಅವಳು ಕೇಳಿದ ಮೊದಲ ಮಾತು ಅದು.

"ಮೊದಲನೇದು ಕೈಕೊಟ್ರ ಇರ್ಲಿ ಅಂತ." ಭೀಮಾಶಂಕರ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದ. ಸೋಪು ತಿಂದು ಬೆರಳ ತುದಿ ಬೆಳ್ಳಗಾಗಿದ್ದವು. "ಗಾಜಿನ ಕೆಲಸಕ್ಕ ಎರಡು ಕಡ್ಡಾಯ ರೀ."

"ತೆಳ್ಳಗಾಗೀರಿ."

"ನೀವು ದಪ್ಪ ಆಗೀರಿ ಅಂತ ನಾ ಹೇಳಂಗಿಲ್ರಿ."

ಅವಳು ನಕ್ಕಳು. ನಕ್ಕದ್ದಕ್ಕೆ ತಾನೇ ಗಾಬರಿಯಾದಳು. ಇವನ ಎದುರು ನಗಬಹುದೇ?

ಅವನು ಯಾದಗಿರಿ ಕಡೆಯವನು. ತಂದೆ ಅಮರಯ್ಯನ ಜೊತೆ ಹತ್ತು ವರ್ಷದ ಹಿಂದೆ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬಂದ. ಒಂದು ಭಾನುವಾರ ಸುಮಂತ ಖಾಜಾಗುಡದ ಬಂಡೆಯೊಂದರ ನಡುವೆ, ದುಬಾರಿ ಶೂ ಹಾಕಿಕೊಂಡು ಮೇಲೂ ಹೋಗಲಾಗದೆ ಕೆಳಗೂ ಬರಲಾಗದೆ ಸಿಕ್ಕಿಕೊಂಡಿದ್ದ. ಪಕ್ಕದಿಂದ ಬರಿಗಾಲಲ್ಲಿ ಹತ್ತಿಹೋದ ಈ ಹುಡುಗ ಮೇಲೆ ಕುಳಿತು ಪೇರಲ ಹಣ್ಣು ತಿನ್ನುತ್ತ, "ಅಣ್ಣಾರ, ಎಡಗಾಲು ಒಂದೀಟು ಮ್ಯಾಲ ಇಡ್ರಿ" ಅಂದನಂತೆ. ಅಲ್ಲಿಂದ ಏಳು ವರ್ಷ ಇಬ್ಬರದೂ ಒಂದೇ ಹಗ್ಗ.

ಭಾನುವಾರದ ಬಂಡೆಗಳ ಮೇಲೆ ಹತ್ತು ಹಗ್ಗ, ನಾಲ್ಕು ಭಾಷೆ. ಯಾರ ಕೂಗು ಯಾರಿಗೆ ಅಂತ ತಿಳಿಯುತ್ತಿರಲಿಲ್ಲ. ಅದಕ್ಕೇ ಸುಮಂತ ತಮ್ಮಿಬ್ಬರಿಗೆ ಅಂತ ಮೂರು ಕನ್ನಡದ ಕೂಗು ಮಾಡಿಕೊಂಡಿದ್ದ. "ಹಿಡಿ" ಅಂದರೆ ಹಗ್ಗ ಬಿಗಿ ಮಾಡು. "ಬಿಡು" ಅಂದರೆ ಸಡಿಲ ಕೊಡು. "ಆಯ್ತು" ಅಂದರೆ, ನಾನು ಬಂಡೆಗೆ ನನ್ನನ್ನು ಕಟ್ಟಿಕೊಂಡೆ, ಇನ್ನು ನೀನು ನನ್ನ ಹಗ್ಗದಿಂದ ಕೈ ತೆಗೆಯಬಹುದು. ಇನ್ನೊಂದು ಕಾನೂನೂ ಇತ್ತು. ಹಗ್ಗದ ಮೇಲೆ "ರೀ" ಇಲ್ಲ. ನೆಲದ ಮೇಲೆ ಎಷ್ಟು ಬೇಕಾದರೂ ಮರ್ಯಾದೆ ಕೊಡು, ಹಗ್ಗದ ಮೇಲೆ ಉಸಿರು ಉಳಿಸು.

"ಒಂದು ಕೇಳ್ತೀನಿ," ಸಂಯುಕ್ತಾ ಗ್ಲಾಸು ಕೆಳಗಿಟ್ಟಳು. "ಅದು ಭಾಳ ಕಠಿಣ ದಾರಿ ಆಗಿರ್ಲಿಲ್ಲ. ಅಣ್ಣ ಅದಕ್ಕಿಂತ ಕಷ್ಟದ್ದು ಹತ್ಯಾನ. ಹೆಂಗ ಬಿದ್ದ?"

"ಐಸ್ ಒಡೀತು."

"ಅಷ್ಟೇನು?"

ರಸ್ತೆಯ ಆಚೆ ಗಾಜಿನ ಕಟ್ಟಡ ಬಿಸಿಲಿಗೆ ಮಂಜುಗಡ್ಡೆಯ ಹಾಗೆ ಹೊಳೆಯುತ್ತಿತ್ತು.

"ನಮ್ಮವ್ವ ಇನ್ನೂ ಆ ಒಡಕ ಫೋನೇ ಇಟ್ಕೊಂಡಾಳ," ಅವಳೇ ಮುಂದುವರಿಸಿದಳು. "ಅವನ ಕಡೀ ಮೆಸೇಜು ಅದರಾಗ ಐತಿ. 'ಹೊಂಟೀವಿ ಅವ್ವ, ಮುಟ್ಟಿದ ಮ್ಯಾಲ ಹೇಳ್ತೀನಿ.' ದಿನಾ ಒಂದ್ ಸಲ ತೆಗದು ನೋಡ್ತಾಳ. ಸುಲಭದ ದಾರ್ಯಾಗ ನನ್ನ ಮಗ ಹೆಂಗ ಬಿದ್ದ ಅಂತ ನನ್ನ ಕೇಳ್ತಾಳ. ನಾ ಏನ್ ಹೇಳ್ಲಿ? ಅದಕ್ಕ ನಾನೇ ಆ ದಾರಿ ಹತ್ತಿ ನೋಡ್ತೀನಿ. ಈ ಜನವರ್ಯಾಗ. ನೀವು ಕೆಳಗ ನಿಂತು ನನ್ನ ಹಗ್ಗ ಹಿಡದು ಕಾಯ್ಬೇಕು."

"ನಾ ಹಗ್ಗ ಬಿಟ್ಟೀನ್ರಿ."

"ಬೆಳಿಗ್ಗಿಂದ ಸಂಜೀ ತನಕ ಹಗ್ಗದ ಮ್ಯಾಲೇ ಜೋತಾಡ್ತೀರಿ, ಬಿಟ್ಟೀನಿ ಅಂತೀರಿ?"

"ಅದು ನನ್ನ ಹಗ್ಗ. ಬಿದ್ರ ನಾನೇ ಬೀಳ್ತೀನಿ." ಅವನು ಎದ್ದು ನಿಂತ. "ಇನ್ನೊಬ್ರ ಹಗ್ಗ ಮುಟ್ಟಂಗಿಲ್ಲ."

"ಬರೋ ಐತವಾರ ಮುಂಜಾನಿ ಆರಕ್ಕ ಖಾಜಾಗುಡ," ಅವಳು ಅವನ ಬೆನ್ನಿಗೆ ಹೇಳಿದಳು. "ನೀವು ಬರದಿದ್ರ ಒಬ್ಬಾಕಿನೇ ಹತ್ತೀನಿ. ಹಗ್ಗ ಇಲ್ದ."

ಅವನು ತಿರುಗಿ ನೋಡಿದ ನೋಟದಲ್ಲಿ ಸಿಟ್ಟಿತ್ತು. ಸಿಟ್ಟಿನ ಅಡಿಯಲ್ಲಿ ಇನ್ನೇನೋ ಇತ್ತು. ಅದು ಏನೆಂದು ಯೋಚಿಸುತ್ತಲೇ ಅವಳು ಮಿಯಾಪುರದ ಮೆಟ್ರೋ ಹತ್ತಿದಳು.

*

ಐದೂವರೆಗೇ ಬಂದು ಕುಳಿತಿದ್ದ. ಪೇರಲ ಹಣ್ಣು ತಂದಿದ್ದ.

ಮೊದಲ ದಿನ ಬಂಡೆಯ ತಲೆ ಮುಟ್ಟಿ, ಕಟ್ಟಿಕೊಂಡು, ಅವಳು ಅಣ್ಣ ತನಗೆ ಹತ್ತಲು ಕಲಿಸಿದ ಕಾಲದ ರೂಢಿಯಂತೆ ಕೂಗಿದಳು. "ಆಯ್ತು!"

ಹಗ್ಗ ಸಡಿಲವಾಗಲಿಲ್ಲ.

"ಭೀಮಾ, ಆಯ್ತು! ಕೇಳಿಸ್ತಿಲ್ಲೇನು?"

ಬಗ್ಗಿ ನೋಡಿದಳು. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಹಿಡಿದ ಬಿಗಿಗೆ ಗೆಣ್ಣು ಬಿಳುಪಾಗಿ, ಅವನು ಕಲ್ಲಿನ ಹಾಗೆ ನಿಂತಿದ್ದ. ಕೊನೆಗೆ ಅವಳೇ ಗಂಟು ಬಿಚ್ಚಿ, ಬಂಡೆಯ ಹಿಂಬದಿಯಿಂದ ಕೆಳಗಿಳಿದು ಬರಬೇಕಾಯಿತು.

"ಆ ಶಬ್ದ ಬ್ಯಾಡ," ಅಂದ. "ಬ್ಯಾರೇದು ಹೇಳ್ರಿ."

"ಯಾವುದು?"

ಯೋಚಿಸಿದ. "ನಾ ಕೆಲಸಕ್ಕ ಹೊಂಟ್ರ ನಮ್ಮವ್ವ ಮುಟ್ಟಿದ ಮ್ಯಾಲ ಹೇಳು ಅಂತಾಳ. ಮುಟ್ಟೀನಿ ಅನ್ರಿ. ನಾ ಕೆಳಗಿಂದ 'ಮುಟ್ಟಿದಿ?' ಅಂತ ಕೇಳ್ತೀನಿ. ನೀವು ಇನ್ನೊಮ್ಮೆ 'ಮುಟ್ಟೀನಿ' ಅನ್ಬೇಕು. ಆವಾಗ ಕೈ ತೆಗೀತೀನಿ."

"ಎಲ್ಲಾ ಅವ್ವಂದಿರೂ ಒಂದೇ ಮಾತು ಅಂತಾರಲ್ಲ," ಅಂದಳು ಅವಳು.

ಆಮೇಲೆ ಗಮನಿಸಿದಳು. ಅವನು ಯಾರಿಗೂ "ಆಯ್ತು" ಅನ್ನುವುದಿಲ್ಲ. ಚಹಾದವನಿಗೆ ಇಲ್ಲ, ಸೂಪರ್‌ವೈಸರಿಗೆ ಇಲ್ಲ. "ಹೂಂ" ಅನ್ನುತ್ತಾನೆ, "ಸರಿ" ಅನ್ನುತ್ತಾನೆ, ತಲೆಯಾಡಿಸುತ್ತಾನೆ. ಒಂದು ಮಾತನ್ನು ಬಾಯಿಂದ ಕಿತ್ತು ಎಸೆದವನ ಹಾಗೆ.

ಭಾನುವಾರಗಳು ಬಂದವು, ಹೋದವು. ಅವಳ ಬೆರಳ ಚರ್ಮ ಹರಿದಾಗ ಅವನು ಟೇಪು ಸುತ್ತಿಕೊಡುತ್ತಿದ್ದ. ಮಗುವಿಗೆ ಕಾಡಿಗೆ ಹಚ್ಚುವಷ್ಟು ಮೆಲ್ಲಗೆ, ಉಸಿರು ಬಿಗಿಹಿಡಿದು. ಸುತ್ತಿ ಮುಗಿದ ಮೇಲೂ ಒಂದು ಕ್ಷಣ ಕೈ ಬಿಡುತ್ತಿರಲಿಲ್ಲ. ಆಮೇಲೆ ಏನೋ ನೆನಪಾದವನ ಹಾಗೆ ತಟ್ಟನೆ ಬಿಡುತ್ತಿದ್ದ.

ಅವಳು ಹಗ್ಗದ ಮೇಲಿದ್ದಾಗ "ಸಂಯು, ಬಲಕ್ಕ ಕೈ ಹಾಕು ನೀ" ಅನ್ನುತ್ತಿದ್ದ. ನೆಲ ಮುಟ್ಟಿದ ಕೂಡಲೇ "ನೀರು ಕುಡೀರಿ" ಅನ್ನುತ್ತಿದ್ದ. ಆ "ನೀ" ಕೇಳುವುದಕ್ಕಾಗಿಯೇ ಅವಳು ಕೆಲವು ಸಲ ಬೇಕೆಂದೇ ತಡವಾಗಿ ಇಳಿಯುತ್ತಿದ್ದಳು.

ತಿಂಗಳಿಗೊಮ್ಮೆ ಕಿಟಕಿಯಲ್ಲಿ ನೊರೆಯ ಅಕ್ಷರ ಮೂಡುತ್ತಿತ್ತು. "ಊಟ?" ಅಂತಲೋ, "ನಿದ್ದಿ ಬ್ಯಾಡ" ಅಂತಲೋ. ಎಲ್ಲ ಉಲ್ಟಾ.

"ನನಗ ಓದಾಕ ಬರೂ ಹಂಗ ತಿರುಗಿಸಿ ಬರೀರಲ್ಲ," ಅಂದಳೊಮ್ಮೆ.

"ನೆಟ್ಟಗ ಬರಿಯೂದೇ ನನಗ ಕಷ್ಟ. ತಿರುಗಿಸಿ ಬರೀ ಅಂದ್ರ ಬಕೆಟ್ ಸಮೇತ ಕೆಳಗ ಬೀಳ್ತೀನ್ರಿ."

ಅಕ್ಷರದ ಹಿಂದೆ ಆ ಎರಡನೇ ಹಗ್ಗ ಸುಮ್ಮನೆ ತೂಗುತ್ತಲೇ ಇರುತ್ತಿತ್ತು. ಯಾರೋ ಅದರ ತುದಿ ಹಿಡಿದು ಕೆಳಗೆ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು ಅವಳಿಗೆ.

ಮನೆಯಲ್ಲಿ ಅವ್ವ ಕಮಲಾಕ್ಷಿ ರೊಟ್ಟಿ ಬಡಿಯುತ್ತ, ಹಿಮದ ಆ ಗೋಡೆಗೆ ಯಾರ ಜೊತೆ ಹೋಗುತ್ತಿ ಅಂತ ಕೇಳಿದಾಗ ಸಂಯುಕ್ತಾ ಹೆಸರು ಹೇಳಿದಳು. ಬಡಿಯುವ ಕೈ ನಿಂತಿತು. ಮತ್ತೆ ಶುರುವಾಯಿತು.

"ಚಳಿಗೆ ಟೊಪಿಗಿ ಎರಡು ಇಟ್ಕೋ."

"ಆಯ್ತು ಆಯ್ತು."

"ನೀನೂ ನಿಮ್ಮಣ್ಣನಂಗ ಆಡಬ್ಯಾಡ. ಅವ ಒಂದ್ ಸಲ 'ಆಯ್ತು' ಅಂದ್ರ ಮಾಡ್ತಾನ ಅಂತ ಅರ್ಥ. 'ಆಯ್ತು ಆಯ್ತು' ಅಂದ್ರ, ತಲಿ ತಿನ್ನಬ್ಯಾಡ ಹೋಗು ಅಂತ. ನನ್ನ ಒಬ್ಬಾಕಿ ಮುಂದೇ ಹಂಗ ಅಂತಿದ್ದ." ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಬಿಸಿಗೋ ಏನೋ.

ಸಿಕಂದರಾಬಾದ್ ಸ್ಟೇಷನ್ನಿಗೆ ಅವ್ವ ತಾನೂ ಬಂದಳು. ಭೀಮಾಶಂಕರ ದೂರದಲ್ಲಿ, ಹಗ್ಗದ ಚೀಲ ಹೊತ್ತು ನಿಂತಿದ್ದ. ಅವ್ವ ಅವನ ಕಡೆ ತಿರುಗಲೇ ಇಲ್ಲ. ಆದರೆ ಮಗಳ ಕೈಗೆ ಕೊಟ್ಟ ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇಬ್ಬರಿಗಾಗುವಷ್ಟು ಇತ್ತು.

*

ಹಿಮಾಚಲದ ಸ್ಪಿತಿ ಕಣಿವೆಯ ಆ ಹಳ್ಳಿಗೆ ಶಿಮ್ಲಾದಿಂದ ಎರಡು ದಿನದ ಬಸ್ಸು. ಹಳ್ಳಿಯ ಹಿಂದಿನ ಕಮರಿಯಲ್ಲಿ ಬೇಸಿಗೆಯಲ್ಲಿ ಒಂದು ಝರಿ ಬೀಳುತ್ತದೆ. ಚಳಿಗಾಲದಲ್ಲಿ ಅದು ಬೀಳುತ್ತಿದ್ದ ಹಾಗೆಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಐದು ಹಗ್ಗದುದ್ದದ ದಾರಿ. ಹಗ್ಗ ಮುಗಿದಲ್ಲಿ ನಿಂತು, ಕಟ್ಟಿಕೊಂಡು, ಕೆಳಗಿನವನನ್ನು ಮೇಲೆ ಕರೆಸಿಕೊಂಡು, ಮತ್ತೆ ಮುಂದಿನ ಹಗ್ಗ. ಮೊದಲೆರಡು ಪೂರ್ತಿ ಐಸ್. ಮೂರನೆಯದು ಅರ್ಧ ಐಸ್, ಅರ್ಧ ಬಂಡೆ. ಮೇಲಿನವು ಬಂಡೆ, ಹಿಮ.

ಮೊದಲ ಎರಡು ಹಾಡಿನ ಹಾಗೆ ಸಾಗಿದವು. ಅವಳು ಕೊಕ್ಕಿನ ಕೊಡಲಿಯಂಥ ಐಸ್ ಆಕ್ಸ್ ಬೀಸಿದರೆ ಅದು ಮೆತ್ತಗೆ ಕಚ್ಚಿಕೊಳ್ಳುತ್ತಿತ್ತು. ಬೂಟಿಗೆ ಕಟ್ಟಿದ ಉಕ್ಕಿನ ಮುಳ್ಳುಗಳು ಕರಕರ ಅನ್ನುತ್ತಿದ್ದವು. ಐಸ್‌ನೊಳಗೆ ಎಲ್ಲೋ ಇನ್ನೂ ನೀರು ಹರಿಯುವ ಸದ್ದಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಪಿಸುಮಾತಾಡಿದ ಹಾಗೆ. ಆಕಾಶ ತೊಳೆದಿಟ್ಟ ಗಾಜು.

"ಮುಟ್ಟೀನಿ!" ಅಂತ ಅವಳು ಕೂಗಿದಾಗಲೆಲ್ಲ ಕಮರಿಯ ಎದುರಿನ ಗೋಡೆಯೂ "ಮುಟ್ಟೀನಿ" ಅನ್ನುತ್ತಿತ್ತು. ಒಂದು ಗಳಿಗೆ ತಡವಾಗಿ, ಸ್ವಲ್ಪ ದಪ್ಪ ದನಿಯಲ್ಲಿ. ಮೊದಲ ಸಲ ಕೇಳಿದಾಗ ಅವಳ ಮೈ ಜುಂ ಅಂದಿತು.

ಎರಡನೆಯ ಹಗ್ಗದ ತುದಿಗೆ ಇಬ್ಬರು ನಿಲ್ಲುವಷ್ಟು ಕಟ್ಟೆ. ಅಲ್ಲಿ ಬಂಡೆಗೆ ಒಂದು ಹಳೆಯ ಪಟ್ಟಿ ಕಟ್ಟಿತ್ತು. ಬಿಸಿಲಿಗೆ, ಹಿಮಕ್ಕೆ ಬಣ್ಣ ಸತ್ತಿತ್ತು. ಆದರೂ ಅವಳು ಗುರುತು ಹಿಡಿದಳು. ಅದರ ತುದಿಯಲ್ಲಿ ಅವಳದೇ ಹಳದಿ ದುಪಟ್ಟದ ಒಂದು ಚೂರಿತ್ತು. ಅಂಥ ಚೂರುಗಳನ್ನು ಶಕುನಕ್ಕೆ ಅಂತ ಸುಮಂತ ತನ್ನ ಪಟ್ಟಿಗಳಿಗೆಲ್ಲ ಕಟ್ಟಿಕೊಳ್ಳುತ್ತಿದ್ದ.

ಮುಟ್ಟಲು ಕೈ ಚಾಚಿದಳು. ಮುಟ್ಟಲಿಲ್ಲ.

ಭೀಮಾಶಂಕರನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಸಂಯು," ಅಂದ. "ಇಲ್ಲಿಂದ ಮ್ಯಾಲ ನಿನ್ನ ಜೀವ ನನ್ನ ಕೈಯಾಗ. ಅದಕ್ಕ ಮೊದಲ ಈ ಕೈ ಏನ್ ಮಾಡೇತಿ ನಿನಗ ಗೊತ್ತಿರಬೇಕು."

ಅವಳು ಕಾದಳು.

"ಆವತ್ತು ಹಿಮ ಬೀಳಾಕತ್ತಿತ್ತು. ಸುಮಂತ ಮ್ಯಾಲ ಇದ್ದ, ನಾ ಇಲ್ಲೇ ನಿಂತಿದ್ದೆ. ಕಾಣಸ್ತಿರ್ಲಿಲ್ಲ. ಹಗ್ಗ ತೀರಾಕ ಬಂದಿತ್ತು. 'ಹತ್ತೇ ಮೀಟರ್ ಉಳದೈತಿ' ಅಂತ ಕೂಗಿದೆ. ಅವ 'ಆಯ್ತು' ಅಂದ."

ಅವಳ ಕೈ ತನ್ನ ಸೊಂಟದ ಗಂಟಿಗೆ ಹೋಯಿತು.

"ಕಟ್ಕೊಂಡ ಅಂತ ತಿಳದೆ. ಹಗ್ಗದಿಂದ ಕೈ ತೆಗದೆ." ಅವನು ತನ್ನ ಬಲಗೈಯನ್ನೇ ನೋಡುತ್ತಿದ್ದ. "ಆಮ್ಯಾಲ ಐಸ್ ಒಡೀತು. ನಾ ಹೇಳಿದ್ದು ಸುಳ್ಳಲ್ಲ, ಐಸ್ ಒಡೀತು. ಆದ್ರ ನಾ ಹಿಡದಿದ್ರ ಅವ ನಾಕು ಮಾರು ಬಿದ್ದು ನಿಂತಿರ್ತಿದ್ದ. ಹಗ್ಗದ ತುದಿ ನನ್ನ ಸೊಂಟಕ್ಕ ಕಟ್ಟಿತ್ತು, ಕಡೀಗೆ ಅದೇ ಹಿಡೀತು. ಅಷ್ಟ್ರಾಗ ಅವ ಬಂಡೆಗೆ ಬಡದಿದ್ದ."

ಐಸ್‌ನೊಳಗೆ ನೀರು ಪಿಸುಗುಟ್ಟುತ್ತಿತ್ತು.

"ಊರಾಗ ಯಾಕ ಹೇಳ್ಲಿಲ್ಲ?"

"ಹನ್ನೆರಡು ಐತವಾರ ಬಾಯಿ ತೆಗದೆ. ಹನ್ನೆರಡು ಸಲ ಚಹಾ ಕುಡದೆ." ಅವನು ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. "ಹೇಳಿದ್ರ ನೀ ಮತ್ತ ಬರಂಗಿಲ್ಲ ಅಂತ. ನಿನ್ನ ನೋಡದ ಇರೋದು ಆಗ್ತಿರ್ಲಿಲ್ಲ ನನಗ."

ಮೂರು ವರ್ಷದಿಂದ ಯಾರಾದರೂ ಹೇಳಲಿ ಅಂತ ಅವಳು ಕಾದಿದ್ದ ಸತ್ಯ, ಮೂರು ತಿಂಗಳಿಂದ ಅವನು ಹೇಳಲಿ ಅಂತ ಕಾದಿದ್ದ ಮಾತು. ಎರಡೂ ಒಂದೇ ಉಸಿರಿನಲ್ಲಿ ಬಂದುಬಿಟ್ಟವು. ಯಾವುದಕ್ಕೆ ಅಳಬೇಕೋ ತಿಳಿಯಲಿಲ್ಲ. ಅವನಿಗೆ ಕಟ್ಟಿದ ಗಂಟು ಬಿಚ್ಚಿಹಾಕಬೇಕು ಅನ್ನಿಸಿತು. ಬಿಚ್ಚಿದರೆ ಎಲ್ಲಿಗೆ ಹೋಗುತ್ತಾಳೆ? ಇಳಿಯುವುದಕ್ಕೂ ಅದೇ ಹಗ್ಗ, ಅದೇ ಕೈ.

"ಒಂದ್ ಸಲ ಅಂದ್ನೋ, ಎರಡ್ ಸಲ ಅಂದ್ನೋ?"

ಅವನು ತಲೆ ಎತ್ತಿದ. "ಎರಡ್ ಸಲ ಕೇಳಿಸ್ತು. ಹಗ್ಗದ ಮ್ಯಾಲ ಅವ ಯಾವತ್ತೂ ಒಂದೇ ಸಲ ಅಂತಿದ್ದ. ಎರಡನೇದು ಗುಡ್ಡದ್ದು ಅನ್ಕೊಂಡೆ." ಅವನು ಕೆಳಗಿನ ಕಮರಿಯ ಕಡೆ ನೋಡಿದ. "ಆಮ್ಯಾಲ ಒಬ್ಬನೇ ಇಳೀವಾಗ ಅವನ ಹೆಸರು ಹಿಡದು ಕೂಗಿದೆ. ಭಾಳ ಕೂಗಿದೆ. ಗುಡ್ಡ ಒಂದ್ ಸಲಾನೂ ತಿರುಗಿ ಅನ್ಲಿಲ್ಲ. ಹಿಮ ಬೀಳಾಗ ಗುಡ್ಡ ಮಾತಾಡಂಗಿಲ್ಲ, ಸಂಯು. ಆವಾಗ ತಿಳೀತು ಎರಡನೇದೂ ಅವಂದೇ ಅಂತ. ಆದ್ರ ಯಾಕ ಎರಡ್ ಸಲ ಅಂದ? ಕೆಲಸದಾಗ, ಊಟದಾಗ, ಇವತ್ತಿಗೂ ಅದೇ ತಿರಗಾಕತ್ತೈತಿ ತಲ್ಯಾಗ."

ಅವಳಿಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ, ಫೋನು ನೋಡುತ್ತ, ಅವ್ವನಿಗೆ ಅನ್ನುತ್ತಿದ್ದ ಆ ದನಿ ಈಗಲೂ ಕಿವಿಯಲ್ಲಿತ್ತು.

"ನಮ್ಮ ಮನ್ಯಾಗ ಎರಡ್ ಸಲ ಅಂದ್ರ, ಕೇಳಿಸ್ತು, ತಲಿ ತಿನ್ನಬ್ಯಾಡ ಅಂತ ಅರ್ಥ," ಅಂದಳು. "ಹತ್ತೇ ಮೀಟರ್ ಐತಿ ಅಂತ ನೀ ಹೇಳಿದ್ದು ಅವಗ ಅವ್ವ ಹೇಳಿದಂಗ ಕೇಳಿಸೈತಿ."

"ಅಂದ್ರ ಅವ ಕಟ್ಕೊಂಡಿರ್ಲಿಲ್ಲ. ಹಂಗ ಅಂತ ಹೇಳೂ ಇರ್ಲಿಲ್ಲ."

"ಇಲ್ಲ."

ಅವಳು ಅದನ್ನು ಸಿಹಿ ಮಾಡಿ ಹೇಳಲಿಲ್ಲ. ಅವನೂ ಕೇಳಲಿಲ್ಲ. ಹಗ್ಗ ಸರಿಮಾಡುತ್ತ ಅವನು, "ಕೆಳಗ ಇಳಿಯೂಣೇನು?" ಅಂದ.

ಸಂಯುಕ್ತಾ ಹಳದಿ ಚೂರನ್ನು ಬಿಚ್ಚಿ ತನ್ನ ಸೊಂಟದ ಪಟ್ಟಿಗೆ ಕಟ್ಟಿಕೊಂಡಳು. ಎರಡೂ ಆಕ್ಸ್ ಕೈಗೆ ತೆಗೆದುಕೊಂಡಳು.

"ಹಗ್ಗ ಕಾಯಿ," ಅಂದಳು.

*

ಮೂರನೆಯ ಹಗ್ಗದಲ್ಲಿ ಐಸ್ ಮೇಲೇರಿದಂತೆ ಹಾಲಿನ ಕೆನೆಯಷ್ಟು ತೆಳುವಾಗುತ್ತ ಹೋಯಿತು. ಬಿದ್ದರೆ ತಡೆಯಲೆಂದು ಕಡೆಯ ಐಸ್ ಸ್ಕ್ರೂ ತಿರುಗಿಸಿ, ಹಗ್ಗ ಸಿಕ್ಕಿಸಿ, ಅವಳು ಬಂಡೆಗೆ ದಾಟಿದಳು. ಇಲ್ಲಿ ಬೀಸುವಂತಿಲ್ಲ. ಆಕ್ಸಿನ ಕೊಕ್ಕನ್ನು ಬಿರುಕಿನಲ್ಲಿ ಮೆಲ್ಲಗೆ ಸಿಕ್ಕಿಸಿ, ಎಳೆದು ನೋಡಿ, ಮುಳ್ಳಿನ ಬೂಟನ್ನು ಒಂದು ಹುಣಿಸೆಬೀಜದಷ್ಟು ಅಂಚಿನ ಮೇಲೆ ಇಟ್ಟು, ಮೈ ಭಾರ ಹಾಕಬೇಕು. ಉಕ್ಕು ಕಲ್ಲಿಗೆ ಉಜ್ಜಿ ಹಲ್ಲು ಜುಂ ಅನ್ನುತ್ತಿತ್ತು.

ಅವನು ಕಾಣುತ್ತಿರಲಿಲ್ಲ. ಹಗ್ಗ ಮಾತ್ರ ಅವಳ ಸೊಂಟದಿಂದ ಕೆಳಗೆ, ಬಂಡೆಯ ಉಬ್ಬಿನ ಆಚೆ ಇಳಿದುಹೋಗಿತ್ತು. ಮೂರು ವರ್ಷದ ಹಿಂದೆ ಇದೇ ಅಂಚು ಹಿಡಿದವನ ಉಸಿರು ಪಕ್ಕದಲ್ಲಿ ಕೇಳಿಸಿದ ಹಾಗಾಯಿತು. ಎಡಗಾಲು ಒಂದೀಟು ಮೇಲೆ ಇಡು. ಇಟ್ಟಳು.

ಎರಡು ಮಾರು ಮೇಲೆ, ನಿಲ್ಲುವ ಜಾಗ. ಬಲಗೈಯ ಆಕ್ಸ್ ಬಿರುಕಿನಲ್ಲಿ ಅಲುಗಾಡುತ್ತಿತ್ತು. ಆಗಲೇ ಕೆಳಗಿನಿಂದ ದನಿ ಬಂತು.

"ಸಂಯೂ! ಹತ್ತೇ ಮೀಟರ್ ಉಳದೈತಿ!"

"ಆಯ್ತು ಆಯ್ತು!"

ಬಾಯಿಂದ ಹೊರಟ ಮೇಲೆ ತಿಳಿಯಿತು. ಎದುರಿನ ಗೋಡೆ ಅದನ್ನು ಹಿಡಿದು ತಿರುಗಿಸಿ ಕೊಟ್ಟಿತು. ಆಯ್ತು, ಆಯ್ತು. ಆ ದನಿ ಅವಳದಾಗಿರಲಿಲ್ಲ. ಫೋನು ನೋಡುತ್ತ ಬಾಗಿಲಿಗೆ ಒರಗಿದವನ ದನಿ.

ಅವಳು ಮತ್ತೆ ಬಾಯಿ ತೆರೆಯುವ ಮೊದಲೇ ಆಕ್ಸ್ ಬಿರುಕಿನಿಂದ ಕಿತ್ತು ಬಂತು.

ಆಕಾಶ ಮೇಲಕ್ಕೆ ಹಾರಿತು. ಬಂಡೆ ಕಣ್ಣ ಮುಂದೆ ಸರ್ರನೆ ಹರಿಯಿತು. ಅವಳು ಯೋಚಿಸಿದ್ದು ಒಂದೇ, ಅವ್ವನ ಆ ಒಡೆದ ಫೋನು.

ಆಮೇಲೆ ಸೊಂಟಕ್ಕೆ ಬಿಗಿಯಾದ ಒಂದು ಎಳೆತ. ನಿಂತಳು. ಐಸ್ ಸ್ಕ್ರೂನಿಂದ ಎರಡು ಮಾರು ಕೆಳಗೆ, ತೂಗುತ್ತ, ಬದುಕಿದ್ದಳು.

ಹಗ್ಗ ತಂತಿಯ ಹಾಗೆ ಬಿಗಿದಿತ್ತು. ಅದರ ಇನ್ನೊಂದು ತುದಿಯಲ್ಲಿ ಅವನ ಕೈ ಇತ್ತು.

"ಸಂಯೂ!"

"ಇದೀನಿ!" ಅಳುವಿನ ನಡುವೆ ಅವಳಿಗೆ ನಗು ಬಂತು. "ಭೀಮಾ, ನಾನೂ ಎರಡ್ ಸಲ ಅಂದೆ!"

"ಕೇಳಿಸ್ತು!"

"ಎಷ್ಟು ಕೇಳಿಸ್ತು?"

"ನಾಕು! ನಲವತ್ತು ಕೇಳಿಸಿದ್ರೂ ಬಿಡ್ತಿರ್ಲಿಲ್ಲ ನಾ!"

ಅವಳು ಹಣೆಯನ್ನು ತಣ್ಣಗಿನ ಐಸ್‌ಗೆ ಒತ್ತಿ ಅತ್ತಳು. ಇಷ್ಟೇ. ಎಷ್ಟು ಸಣ್ಣ ಮಾತು. ಮನೆಯಲ್ಲಿ ದಿನಕ್ಕೆ ಹತ್ತು ಸಲ ಉದುರಿ ಬೀಳುವ ಮಾತು. ಅಣ್ಣನೂ ಇಷ್ಟೇ ಹಗುರಾಗಿ ಅಂದಿದ್ದ. ಕೆಳಗೆ ನಿಂತವನು ಅಷ್ಟೇ ನಂಬಿಕೆಯಿಂದ ಕೇಳಿದ್ದ. ಇಬ್ಬರಲ್ಲಿ ಯಾರನ್ನೂ ಇನ್ನು ಅವಳಿಂದ ಬೈಯಲಾಗದು.

"ಹಿಡಿ!" ಅಂದಳು. ಹಗ್ಗ ಬಿಗಿಯಾಯಿತು. ಮತ್ತೆ ಹತ್ತಿದಳು. ಈ ಸಲ ಆಕ್ಸನ್ನು ಬಿರುಕಿನ ಇನ್ನೂ ಒಳಕ್ಕೆ ಇಳಿಸಿದಳು. ನಿಲ್ಲುವ ಜಾಗಕ್ಕೆ ಬಂದು ಬಂಡೆಗೆ ಎರಡು ಕಡೆ ಕಟ್ಟಿಕೊಂಡು, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ, ಎದೆ ತುಂಬ ಗಾಳಿ ತೆಗೆದುಕೊಂಡಳು.

"ಮುಟ್ಟೀನಿ!"

"ಮುಟ್ಟಿದಿ?"

"ಮುಟ್ಟೀನಿ ಭೀಮಾ!"

ಎದುರಿನ ಗೋಡೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ, ಸ್ವಲ್ಪ ತಡವಾಗಿ, ಸ್ವಲ್ಪ ದಪ್ಪ ದನಿಯಲ್ಲಿ, ಕಮರಿಯ ಒಳಗಿನಿಂದ ಇನ್ನೊಬ್ಬರೂ ಹೇಳಿದರು. ಮುಟ್ಟೀನಿ.

ಸೊಂಟದ ಹಳದಿ ಚೂರು ಗಾಳಿಗೆ ಪಟಪಟ ಅಂದಿತು.

*

ಅವ್ವನಿಗೆ ಅವನೇ ಹೇಳಿದ. ಮಿಯಾಪುರದ ಮನೆಯಲ್ಲಿ, ಹೊಸ್ತಿಲ ಒಳಗೆ ಬಂದು, ನೆಲದ ಮೇಲೆ ಕುಳಿತು, ಒಂದೂ ಬಿಡದೆ ಎಲ್ಲ ಹೇಳಿದ.

ಹೇಳಿ ಮುಗಿದ ಮೇಲೆ ಕಮಲಾಕ್ಷಿ ಎದ್ದು ಗೋಡೆಯ ಮೇಲಿನ ಫೋಟೋದ ಮುಂದೆ ನಿಂತಳು.

"ಎಷ್ಟ್ ಸಲ ಹೇಳಿದ್ದೆ ನಿನಗ," ಅಂದಳು ಮಗನಿಗೆ. "ಎರಡೆರಡ್ ಸಲ ಅನಬ್ಯಾಡ ಅಂತ ಎಷ್ಟ್ ಸಲ ಹೇಳಿದ್ದೆ."

ಆಮೇಲೆ ಅಡುಗೆಮನೆಗೆ ಹೋದಳು. ಬಹಳ ಹೊತ್ತು ಒಳಗಿನಿಂದ ನಲ್ಲಿಯ ಸದ್ದು ಮಾತ್ರ ಬಂತು. ಹೊರಗೆ ಬಂದಾಗ ಕೈಯಲ್ಲಿ ಮೂರು ತಾಟು ಇದ್ದವು. ಒಂದನ್ನು ಅವನ ಮುಂದೆ ಇಟ್ಟು, ಅವನ ಮುಖ ನೋಡದೆ, "ಬಿಸಿ ಐತಿ, ನೋಡ್ಕೊಂಡು ಉಣ್ಣು," ಅಂದಳು.

ಅವನು ಕೈ ತೊಳೆಯುವುದನ್ನೂ ಮರೆತು ಅತ್ತ.

ಫೆಬ್ರವರಿಯ ಕೊನೆಗೆ ಮತ್ತೆ ಗಾಜು ತೊಳೆಯುವ ದಿನ ಬಂತು. ಸಂಯುಕ್ತಾ ಬೆಳಿಗ್ಗೆಯಿಂದ ಒಂದೂ ಗೆರೆ ಎಳೆದಿರಲಿಲ್ಲ. ಮೊದಲು ಬೂಟು ಇಳಿಯಿತು. ಆಮೇಲೆ ಬಕೆಟ್ಟು. ಆಮೇಲೆ ಮುಖ. ಅವಳು ಮೊದಲು ಗಂಟು ನೋಡಿದಳು. ಆಮೇಲೆ ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದಳು.

"ನನ್ನ ಮದ್ವಿ ಆಗ್ತಿ? ಹಗ್ಗದ ಮ್ಯಾಲ ಇದ್ದಿ. ಅದಕ್ಕ ರೀ ಇಲ್ಲ."

ಅವನು ಓದಿದ. ಇನ್ನೊಮ್ಮೆ ಓದಿದ. ಮೇಲಿನಿಂದ ಯಾರೋ ತೆಲುಗಿನಲ್ಲಿ ಬೈದರು. ಅವನ ಕಿವಿಗೆ ಬೀಳಲಿಲ್ಲ. ಗಾಜಿನ ತುಂಬ ನೊರೆ ಬಳಿದ. ಬಿಳಿಯ ಹಿಂದೆ ಮರೆಯಾದ. ಹಿಮ ಬೀಳುವಾಗ ಇರುವಂಥ ಮೌನ. ಅವಳ ಉಸಿರು ಗಾಜಿನ ಮೇಲೆ ಮಂಜಾಗಿ ಕಟ್ಟಿಕೊಂಡಿತು.

ನೊರೆಯಲ್ಲಿ ಒಂದು ಬೆರಳು ಕಾಣಿಸಿತು. ಅವನ ಬಲದಿಂದ ಎಡಕ್ಕೆ, ಒಂದೊಂದೇ ಗೀಟು, ತಡವರಿಸುತ್ತ, ಒಂದು ಕಡೆ ಅಳಿಸಿ ಮತ್ತೆ ಬರೆಯುತ್ತ. ಎಷ್ಟು ದಿನ ಕನ್ನಡಿಯ ಮುಂದೆ ಕುಳಿತು ಕಲಿತಿದ್ದನೋ. ಅಕ್ಷರ ವಕ್ರವಾಗಿದ್ದವು, ಆದರೆ ಅವಳ ಕಡೆಗೆ ನೆಟ್ಟಗಿದ್ದವು.

"ಆಯ್ತು."

ಅವಳು ಕಾದಳು. ಬೆರಳು ಅಲ್ಲಿಗೇ ನಿಂತಿತು. ಒಂದೇ ಸಲ.

ಅಕ್ಷರಗಳ ಸಂದಿಯಿಂದ ಬಿಸಿಲು ಒಳಗೆ ಬಂತು. ಆಚೆ ಎರಡನೆಯ ಹಗ್ಗ ಗಾಳಿಗೆ ಒಮ್ಮೆ ತೂಗಿ, ಅವನ ಭುಜಕ್ಕೆ ಮೆಲ್ಲಗೆ ತಾಗಿ ನಿಂತಿತು.